ತ್ಯಾಗವೋ, ಕೈಗಡವೋ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನಮ್ಮ ಶಾಲೆಯ ಅಧ್ಯಾಪಕರ ಕೊಠಡಿಯ ಕಿಟಕಿಯ ಪಕ್ಕದಲ್ಲಿದ್ದ ಚದುರಂಗದ ಮಣೆ ನೆನಪಿರಬಹುದು. ಅದರ ಕಪ್ಪು ಕುದುರೆಗಳಲ್ಲಿ ಒಂದು ಎಂದೋ ಕಳೆದುಹೋಗಿತ್ತು. ಆ ಜಾಗದಲ್ಲಿ ಶಾಯಿ ಬಾಟಲಿಯ ಮುಚ್ಚಳವನ್ನಿಟ್ಟು ಆಡುತ್ತಿದ್ದೆವು. ಮಧ್ಯಾಹ್ನದ ಬಿಡುವಿನಲ್ಲಿ ಸಂಸ್ಕೃತದ ಪಂಡಿತರೂ ನಾನೂ ಎದುರುಬದುರಾಗಿ ಕುಳಿತರೆ, ಬಾಗಿಲಿನ ಹೊರಗೆ ನಾಲ್ಕಾರು ಹುಡುಗರು ಕತ್ತು ಚಾಚಿ ನಿಂತಿರುತ್ತಿದ್ದರು. ಗಣಿತದ ತರಗತಿಯಲ್ಲಿ ಕಾಣದ ಏಕಾಗ್ರತೆ ಅಲ್ಲಿ ಕಾಣುತ್ತಿತ್ತು.

ಕಳೆದ ತಿಂಗಳು ಆ ಹುಡುಗರಲ್ಲೊಬ್ಬ ಮನೆಗೆ ಬಂದಿದ್ದ. ಹೆಸರು ಬೇಡ, ಅವನೂ ಈ ಪುಟವನ್ನು ಓದುತ್ತಾನೆ. ಅವನಿಗೂ ನನಗೂ ನಡುವೆ ಸುಮಾರು ಮೂವತ್ತು ವರ್ಷಗಳಿಂದ ತೀರದೆ ಉಳಿದಿರುವ ಒಂದು ವಾದವಿದೆ. ವಾದದ ವಸ್ತು ಒಂದೇ ಒಂದು ಕಾಲಾಳು. 1996ರ ಫೆಬ್ರವರಿ 10ರಂದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಒಂದು ಯಂತ್ರವು ಆ ಕಾಲಾಳನ್ನು ಎದುರಾಳಿಯ ಬಾಯಿಗೆ ನೂಕಿತು. ಅದನ್ನು ತ್ಯಾಗವೆನ್ನಬಹುದೇ, ಕೂಡದೇ ಎಂಬುದು ನಮ್ಮ ಪ್ರಶ್ನೆ.

ಕಾಯಿಗಳ ಹೆಸರುಗಳ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಪತ್ರಿಕೆಗಳು ಈಗ ರೂಕ್, ಬಿಷಪ್, ಪಾನ್ ಎಂದೆಲ್ಲ ಬರೆಯುತ್ತವೆ. ನಾನು ನಮ್ಮ ಮನೆಯಲ್ಲಿ ಕಲಿತಂತೆ ಆನೆ, ಒಂಟೆ, ಕುದುರೆ, ಮಂತ್ರಿ, ಕಾಲಾಳು ಎಂದೇ ಬರೆಯುತ್ತೇನೆ. ನೇರವಾಗಿ ನಡೆಯುವುದು ಆನೆ, ಓರೆಯಾಗಿ ನಡೆಯುವುದು ಒಂಟೆ. ಮಂತ್ರಿಯೆಂದರೆ ಇಂಗ್ಲಿಷಿನವರ ರಾಣಿ. ಮಣೆಯ ನೆಟ್ಟಸಾಲುಗಳಿಗೆ ಎ ಯಿಂದ ಎಚ್ ವರೆಗೆ ಅಕ್ಷರಗಳು, ಅಡ್ಡಸಾಲುಗಳಿಗೆ 1ರಿಂದ 8ರವರೆಗೆ ಅಂಕೆಗಳು. ಇಷ್ಟು ಗೊತ್ತಿದ್ದರೆ ಮುಂದಿನದು ಕಷ್ಟವಾಗದು.

ಚದುರಂಗ ಬಾರದ ಬಂಧುಗಳಿಗಾಗಿ ಇನ್ನೊಂದು ಮಾತು. ಕಾಲಾಳುಗಳು ಮಣೆಯ ಮೇಲಿನ ಬೇಲಿಗಳಿದ್ದಂತೆ. ಅವು ನಿಂತಿರುವವರೆಗೆ ಆನೆ, ಒಂಟೆ, ಮಂತ್ರಿಗಳ ದಾರಿಗಳು ಮುಚ್ಚಿರುತ್ತವೆ. ಆದುದರಿಂದ ಬಲ್ಲ ಆಟಗಾರನು ಕೆಲವೊಮ್ಮೆ ತನ್ನದೇ ಕಾಲಾಳನ್ನು ಬೇಕೆಂದೇ ಕಳೆದುಕೊಂಡು ಹಿಂದಿರುವ ದೊಡ್ಡ ಕಾಯಿಗಳಿಗೆ ದಾರಿ ಬಿಡಿಸುತ್ತಾನೆ. ಕೈಯಲ್ಲಿದ್ದ ಒಂದು ಕಾಯಿ ಹೋಗುವುದು ಖಂಡಿತ. ದಾರಿ ತೆರೆದುದರಿಂದ ಏನು ಸಿಗುತ್ತದೆಂಬುದು ಅನಿಶ್ಚಿತ. ಆಟದ ಸೊಗಸೆಲ್ಲ ಈ ಅನಿಶ್ಚಿತತೆಯಲ್ಲಿದೆ. ಯಂತ್ರಗಳಿಗೆ ಬಹುಕಾಲ ದಕ್ಕದೆ ಹೋದದ್ದೂ ಇದೇ.

ಏಕೆ ದಕ್ಕಲಿಲ್ಲವೆಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಗಣಿತಜ್ಞ ಕ್ಲಾಡ್ ಶಾನನ್ 1950ರಲ್ಲಿ ಒಂದು ಲೇಖನ ಪ್ರಕಟಿಸಿ, ಗಣಕಯಂತ್ರಕ್ಕೆ ಚದುರಂಗ ಕಲಿಸುವುದು ಹೇಗೆಂದು ವಿವರಿಸಿದರು. ಪ್ರತಿ ಕಾಯಿಗೂ ಒಂದು ಬೆಲೆ: ಮಂತ್ರಿಗೆ 9, ಆನೆಗೆ 5, ಒಂಟೆಗೂ ಕುದುರೆಗೂ 3, ಕಾಲಾಳಿಗೆ 1. ಒಂಟಿಯಾಗಿ ನಿಂತ ಕಾಲಾಳಿಗೂ ಒಂದರ ಹಿಂದೊಂದು ಸಿಕ್ಕಿಕೊಂಡ ಕಾಲಾಳುಗಳಿಗೂ ಅರ್ಧ ಅಂಕ ಕಡಿತ. ಕಾಯಿಗಳಿಗೆ ಓಡಾಡಲು ಇರುವ ಪ್ರತಿಯೊಂದು ನಡೆಗೂ ಒಂದರ ಹತ್ತನೆಯ ಒಂದು ಪಾಲು. ಕೆಲವು ನಡೆಗಳವರೆಗೆ ಎಲ್ಲ ಸಾಧ್ಯತೆಗಳನ್ನೂ ಲೆಕ್ಕ ಹಾಕಿ, ಕೊನೆಗೆ ನಿಲ್ಲುವ ಮೊತ್ತವನ್ನು ನೋಡಿ ನಡೆಯನ್ನು ಆರಿಸುವುದು. ಅದೇ ಸುಮಾರಿಗೆ ಇಂಗ್ಲೆಂಡಿನಲ್ಲಿ ಅಲನ್ ಟ್ಯೂರಿಂಗ್ ಕೂಡ ಇಂಥದೇ ವಿಧಾನವನ್ನು ಬರೆದಿಟ್ಟಿದ್ದರು. ಅದನ್ನು ನಡೆಸಬಲ್ಲ ಯಂತ್ರ ಆಗ ಇರಲಿಲ್ಲವಾದ್ದರಿಂದ, 1952ರಲ್ಲಿ ತಾವೇ ಯಂತ್ರದಂತೆ ಕಾಗದದ ಮೇಲೆ ಲೆಕ್ಕ ಮಾಡುತ್ತ ಒಂದು ಆಟವನ್ನಾಡಿ ಸೋತರು. ಆ ದೃಶ್ಯವನ್ನು ಕಲ್ಪಿಸಿಕೊಂಡಾಗಲೆಲ್ಲ ನನಗೆ ನಗುವೂ ಗೌರವವೂ ಒಟ್ಟಿಗೆ ಬರುತ್ತವೆ.

ಈ ವಿಧಾನದಲ್ಲಿ ಕಾಲಾಳಿನ ಬೆಲೆ ಒಂದು ಪೂರ್ಣ ಅಂಕ. ತೆರೆದ ದಾರಿಯ ಬೆಲೆ ಚಿಲ್ಲರೆ. ಒಂದು ರೂಪಾಯಿಯನ್ನು ಕೊಟ್ಟು ನಾಲ್ಕಾಣೆಯನ್ನು ಕೊಳ್ಳುವ ವ್ಯಾಪಾರಿ ಎಲ್ಲಿದ್ದಾನೆ? ಲೆಕ್ಕವು ಮುಟ್ಟುವಷ್ಟು ದೂರದೊಳಗೆ ಆ ರೂಪಾಯಿ ಹಿಂದಿರುಗಿ ಬಂದರೆ ಮಾತ್ರ ಯಂತ್ರ ಕೊಡುತ್ತದೆ. ಅದರಾಚೆಗೆ ಬರುವಂಥದು ಅದಕ್ಕೆ ಕಾಣುವುದೇ ಇಲ್ಲ. ಈ ಕುರುಡಿಗೆ ಹ್ಯಾನ್ಸ್ ಬರ್ಲಿನರ್ ಎಂಬ ಅಮೆರಿಕದ ವಿದ್ವಾಂಸರು 1970ರ ದಶಕದಲ್ಲಿ ದಿಗಂತದ ದೋಷವೆಂಬ ಅರ್ಥದ ಹೆಸರಿಟ್ಟರು. ಮನುಷ್ಯರಾದರೋ ದಿಗಂತದಾಚೆಗೇ ಕೊಡುತ್ತಾರೆ. ಬೆಂಕೊ ಗ್ಯಾಂಬಿಟ್ ಎಂಬ ಆರಂಭದ ಪಟ್ಟಿನಲ್ಲಿ ಕಪ್ಪು ಕಡೆಯವನು ಮೊದಲ ಕೆಲವು ನಡೆಗಳಲ್ಲೇ ಒಂದು ಕಾಲಾಳನ್ನು ಕೊಟ್ಟು, ಎ ಮತ್ತು ಬಿ ಸಾಲುಗಳನ್ನು ತನ್ನ ಆನೆಗಳಿಗೆ ತೆರೆದುಕೊಳ್ಳುತ್ತಾನೆ. ಆ ಕಾಲಾಳು ಎಷ್ಟೋ ಆಟಗಳಲ್ಲಿ ಹಿಂದಿರುಗುವುದೇ ಇಲ್ಲ. ಆದರೂ ಬಿಳಿಯ ಕಡೆಯವನು ಕೊನೆಯವರೆಗೆ ಆ ಆನೆಗಳ ಕಾಟ ಸಹಿಸಬೇಕು.

ಈಗ ಫಿಲಡೆಲ್ಫಿಯಾಕ್ಕೆ ಬರೋಣ. ಆ ಊರಿನಲ್ಲಿ 1946ರಲ್ಲಿ ಎನಿಯಾಕ್ ಎಂಬ ಪ್ರಸಿದ್ಧ ಗಣಕಯಂತ್ರವನ್ನು ಲೋಕಕ್ಕೆ ತೋರಿಸಿದ್ದರು. ಅದಕ್ಕೆ ಐವತ್ತು ತುಂಬಿದ ಸಮಯದಲ್ಲಿಯೇ ಅಮೆರಿಕದ ಗಣಕ ವಿದ್ವಾಂಸರ ಸಂಘವಾದ ಎಸಿಎಂ, ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರಿಗೂ ಐಬಿಎಂ ಕಂಪನಿಯ ಡೀಪ್ ಬ್ಲೂ ಯಂತ್ರಕ್ಕೂ ಆರು ಆಟಗಳ ಪಂದ್ಯವನ್ನು ಏರ್ಪಡಿಸಿತು. ಯಂತ್ರವನ್ನು ಕಟ್ಟಿದವರಲ್ಲಿ ಮುಖ್ಯರು ಫೆಂಗ್-ಶ್ಯುಂಗ್ ಶೂ, ಮರ್ರೆ ಕ್ಯಾಂಪ್‌ಬೆಲ್ ಮತ್ತು ಜೋ ಹೋನ್. ಅದು ಕ್ಷಣಕ್ಕೆ, ಎಂದರೆ ಒಂದು ಸೆಕೆಂಡಿಗೆ, ಸುಮಾರು 10 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿತ್ತು. ಮೊದಲ ಆಟದಲ್ಲಿ ಬಿಳಿಯ ಪಡೆ ಯಂತ್ರದ್ದು.

ಇಪ್ಪತ್ತೆರಡು ನಡೆಗಳಾಗುವಷ್ಟರಲ್ಲಿ ಎರಡೂ ಕಡೆ ಕಾಯಿಗಳು ಸಮವಾಗಿದ್ದವು: ತಲಾ ಒಂದು ಮಂತ್ರಿ, ಎರಡು ಆನೆ, ಒಂದು ಕುದುರೆ, ಆರು ಕಾಲಾಳು. ಕಾಸ್ಪರೋವ್ ಅವರ ರಾಜನ ಮುಂದಿನ ಬೇಲಿ ಮಾತ್ರ ಆಗಲೇ ಮುರಿದಿತ್ತು. ಆದರೆ ಯಂತ್ರಕ್ಕೂ ಒಂದು ಹುಳುಕಿತ್ತು. ಅದರ ಡಿ-4 ಮನೆಯ ಕಾಲಾಳಿಗೆ ಅಕ್ಕಪಕ್ಕದಲ್ಲಿ ಸಂಗಾತಿಗಳಿರಲಿಲ್ಲ. ಕಪ್ಪು ಮಂತ್ರಿ, ಆನೆ, ಕುದುರೆ ಮೂರೂ ಅದರ ಮೇಲೆ ಕಣ್ಣಿಟ್ಟಿದ್ದವು. ಬಿಳಿಯ ಮೂರು ಕಾಯಿಗಳು ಅದನ್ನು ಕಾಯುತ್ತ ಕಟ್ಟುಬಿದ್ದಿದ್ದವು. ಯಾವ ಪಠ್ಯಪುಸ್ತಕವನ್ನು ತೆರೆದರೂ ಇಂಥ ಕಾಲಾಳು ದುರ್ಬಲವೆಂದೇ ಬರೆದಿರುತ್ತದೆ.

ಯಂತ್ರವು ತನ್ನ 23ನೆಯ ನಡೆಯಲ್ಲಿ ಆ ಕಾಲಾಳನ್ನು ಒಂದು ಮನೆ ಮುಂದಕ್ಕೆ, ಡಿ-5ಕ್ಕೆ, ಸರಿಸಿತು. ಅಲ್ಲಿ ಅದನ್ನು ಕಪ್ಪು ಆನೆಯೂ ಹೊಡೆಯಬಹುದು, ಕಪ್ಪು ಕಾಲಾಳೂ ಹೊಡೆಯಬಹುದು.

ಎರಡು ಮೂರು ದಿನಗಳ ಮೇಲೆ ಆ ಆಟದ ನಡೆಗಳು ಪತ್ರಿಕೆಯಲ್ಲಿ ಬಂದವು. ನಾನು ಅದನ್ನು ಕತ್ತರಿಸಿ ತಂದು, ಬಿಡುವಿನಲ್ಲಿ ಪಂಡಿತರ ಎದುರು ನಮ್ಮ ಮಣೆಯ ಮೇಲೆ ಒಂದೊಂದಾಗಿ ಆಡಿ ತೋರಿಸಿದೆ. ಡಿ-5ಕ್ಕೆ ಬಂದಾಗ ಪಂಡಿತರು "ಇದೇನ್ರೀ, ಯಂತ್ರ ಕೆಟ್ಟಿತೋ?" ಎಂದರು. ಬಾಗಿಲಲ್ಲಿ ನಿಂತಿದ್ದ ಹುಡುಗ ಒಳಗೇ ಬಂದುಬಿಟ್ಟ. ಅವನಿಗೆ ಆಗ ಹತ್ತನೆಯ ತರಗತಿಯ ಪರೀಕ್ಷೆಗೆ ಒಂದೂವರೆ ತಿಂಗಳಿತ್ತು. ಓದಲು ಹೋಗೋ ಎಂದು ಗದರಿಸಬೇಕಿತ್ತು. ಗದರಿಸಲಿಲ್ಲ. "ಸಾರ್, ಮಂತ್ರಿ ದಾರಿ ನೋಡಿ" ಎಂದ.

ನೋಡಿದೆ. ಬಿಳಿಯ ಮಂತ್ರಿ ಇ-3ರಲ್ಲಿತ್ತು. ಅಲ್ಲಿಂದ ಓರೆಯಾಗಿ ಡಿ-4, ಸಿ-5, ಬಿ-6. ಬಿ-6ರಲ್ಲಿ ಕಾಸ್ಪರೋವ್ ಅವರ ಕಾಲಾಳು ಕಾವಲಿಲ್ಲದೆ ನಿಂತಿತ್ತು. ಡಿ-4ರಲ್ಲಿ ಅಡ್ಡ ನಿಂತಿದ್ದುದು ಬಿಳಿಯ ಸ್ವಂತ ಕಾಲಾಳೇ! ಅದು ಮುಂದೆ ಸರಿದೊಡನೆ ದಾರಿ ತೆರೆಯಿತು. ಆದರೆ ದಾರಿಯೆಂಬುದು ಒಬ್ಬರ ಸ್ವತ್ತಲ್ಲ. ಎಫ್-6ರಲ್ಲಿದ್ದ ಕಪ್ಪು ಮಂತ್ರಿಗೂ ಅದೇ ಡಿ-4 ಅಡ್ಡವಾಗಿತ್ತು. ಅದಕ್ಕೂ ಈಗ ಬಿ-2ರ ಬಿಳಿ ಕಾಲಾಳಿನವರೆಗೆ ಓರೆದಾರಿ ತೆರೆಯಿತು. ಕಾಸ್ಪರೋವ್ ಆನೆಯಿಂದ ಹೊಡೆದರು, ಯಂತ್ರ ಆನೆಯಿಂದ ಹೊಡೆಯಿತು, ಅವರು ಕಾಲಾಳಿನಿಂದ ಹೊಡೆದರು. ಒಂದು ಕಾಲಾಳು ಕಡಿಮೆಯಾಗಿದ್ದ ಯಂತ್ರ ಆಗ ಬಿ-2ರ ಕಾಲಾಳನ್ನು ಬಿ-3ಕ್ಕೆ ಸರಿಸಿ ಸುಮ್ಮನಾಯಿತು. ಹಿತ್ತಲ ಬಾಗಿಲಿಗೆ ಅಗಳಿ ಹಾಕಿದಂತೆ. ಕಾಸ್ಪರೋವ್ ರಾಜನನ್ನು ಮೂಲೆಗೆ ಸರಿಸಿದರು. 26ನೆಯ ನಡೆಯಲ್ಲಿ ಯಂತ್ರದ ಮಂತ್ರಿ ಬಿ-6ರ ಕಾಲಾಳನ್ನು ಹೊಡೆಯಿತು. ಲೆಕ್ಕ ಮತ್ತೆ ಸಮ.

ಸಮವೆಂದರೂ ಕಾಸ್ಪರೋವ್ ಅವರ ಕಾಲಾಳುಗಳು ಚೆಲ್ಲಾಪಿಲ್ಲಿಯಾಗಿದ್ದವು. ಅವರು ತಮ್ಮ ಸ್ವಭಾವಕ್ಕೆ ತಕ್ಕಂತೆ ಎಲ್ಲವನ್ನೂ ಬಿಟ್ಟು ಬಿಳಿಯ ರಾಜನ ಮೇಲೆ ನುಗ್ಗಿದರು. ಯಂತ್ರಕ್ಕೆ ಹೆದರಿಕೆಯಿಲ್ಲ. ದಾಳಿ ನಡೆಯುತ್ತಿರುವಾಗಲೇ ಅದು ತನ್ನ ಕುದುರೆಯನ್ನು ದೂರದ ಬಿ-7ಕ್ಕೆ ಕಳುಹಿಸಿ ಇನ್ನೊಂದು ಕಾಲಾಳನ್ನು ತಿಂದು ಬಂತು. ಮನೆಗೆ ಬೆಂಕಿ ಬಿದ್ದಾಗ ಸಂತೆಗೆ ಹೋಗಿ ಬಂದಂತೆ ಎಂದು ಪಂಡಿತರು ನಕ್ಕರು. ಸಂತೆಯಿಂದ ಬರುವಷ್ಟರಲ್ಲಿ ಬೆಂಕಿ ಎಲ್ಲಿಗೆ ಮುಟ್ಟಿರುತ್ತದೆಂದು ಅದಕ್ಕೆ ಗೊತ್ತಿತ್ತು. 37ನೆಯ ನಡೆಗೆ ಕಾಸ್ಪರೋವ್ ಸೋಲೊಪ್ಪಿದರು. ಪಂದ್ಯಾವಳಿಯ ಪೂರ್ಣ ಕಾಲಾವಧಿಯ ಆಟದಲ್ಲಿ ಯಂತ್ರವೊಂದು ವಿಶ್ವ ಚಾಂಪಿಯನ್ನರನ್ನು ಸೋಲಿಸಿದ್ದು ಅದೇ ಮೊದಲು.

ಆ ಪಂದ್ಯವನ್ನು ಕಾಸ್ಪರೋವ್ ಕೊನೆಗೆ 4–2ರಿಂದ ಗೆದ್ದರೆಂಬುದನ್ನೂ ಹೇಳಬೇಕು. ಗೆದ್ದ ರೀತಿಯೂ ಸ್ವಾರಸ್ಯವಾಗಿದೆ. ಕೊನೆಯ ಆಟದಲ್ಲಿ ಅವರು ದಾರಿಗಳನ್ನು ತೆರೆಯಲೇ ಇಲ್ಲ. ಒಂದೊಂದಾಗಿ ಮುಚ್ಚುತ್ತ ಹೋಗಿ, ಯಂತ್ರದ ಆನೆಯನ್ನೂ ಒಂಟೆಯನ್ನೂ ಮೂಲೆಯಲ್ಲಿ ಗೋರಿಯೊಳಗಿಟ್ಟಂತೆ ಕೂಡಿಹಾಕಿದರು. ಅಲ್ಲಿ ತಕ್ಷಣ ನಷ್ಟವಾಗುವಂಥದು ಏನೂ ಇರಲಿಲ್ಲವಾದ್ದರಿಂದ ಯಂತ್ರಕ್ಕೆ ಅಪಾಯ ಕಾಣಲಿಲ್ಲ.

ಮಾರ್ಚ್ ತಿಂಗಳಲ್ಲಿ ಕಾಸ್ಪರೋವ್ ಟೈಮ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರೆದರು. ಅದು ನಮ್ಮ ಊರಿನ ವಾಚನಾಲಯಕ್ಕೆ ತಲಪಿ ನನ್ನ ಕೈಗೆ ಸಿಗುವಾಗ ಏಪ್ರಿಲ್ ಮುಗಿಯುತ್ತ ಬಂದಿತ್ತು. ಆ ಕಾಲಾಳು ಮುಂದೆ ಸರಿದಾಗ ಸಂಜೆ 4 ಗಂಟೆ 45 ನಿಮಿಷವಾಗಿತ್ತೆಂದು ಗಡಿಯಾರದ ಸಮಯ ಸಹಿತ ಅವರು ದಾಖಲಿಸಿದ್ದಾರೆ. ಮೇಜಿನ ಆಚೆಗೆ ಹೊಸ ಬಗೆಯ ಬುದ್ಧಿಯೊಂದು ಕುಳಿತಿದೆಯೆಂದು ತಮಗೆ ಆಗ ಅನ್ನಿಸಿತಂತೆ. ಬಿಳಿಯ ಪಡೆ ತಮ್ಮದಾಗಿದ್ದರೆ ತಾವೂ ಆ ಕಾಲಾಳನ್ನು ಕೊಡುವ ಯೋಚನೆ ಮಾಡುತ್ತಿದ್ದರಂತೆ: ದಾರಿಗಳು ತೆರೆಯುತ್ತವೆ, ಎದುರಾಳಿಯ ರಾಜ ಬಯಲಾಗುತ್ತಾನೆ, ಏನಾದರೂ ಆಗಿಯೇ ತೀರುತ್ತದೆ ಎಂಬ ನಂಬಿಕೆಯಿಂದ. ಆಮೇಲೆ ಅವರಿಗೆ ನಿಜ ತಿಳಿಯಿತು. ಕಾಲಾಳು ಹಿಂದಿರುಗಿ ಬರುವುದನ್ನು ಯಂತ್ರವು ಆರು ಹೆಜ್ಜೆ ಆಚೆಗೇ ಕಂಡಿತ್ತು. ಅದರ ಪಾಲಿಗೆ ಅದು ತ್ಯಾಗವೇ ಆಗಿರಲಿಲ್ಲ. ಹಾಗಾದರೆ, ನಾನು ಆಡುತ್ತಿದ್ದ ನಡೆಯನ್ನೇ ಯಂತ್ರವು ಬೇರೆ ಕಾರಣಕ್ಕಾಗಿ ಆಡಿದರೆ ಅದನ್ನು ಬುದ್ಧಿಯ ನಡೆಯೆನ್ನಬೇಕೇ ಬೇಡವೇ ಎಂದು ಅವರು ಕೇಳಿದ್ದರು.

ಗಣಿತದ ಮೇಷ್ಟರಾದ ನನಗೆ ಲೆಕ್ಕ ಹಾಕದೆ ಇರಲಾಗಲಿಲ್ಲ. ಶಾನನ್ ಅವರ ಅಂದಾಜಿನಂತೆ ಒಂದೊಂದು ಸ್ಥಿತಿಯಲ್ಲಿ ಸರಾಸರಿ 30 ನಡೆಗಳು ಸಾಧ್ಯ. ಬಿಳಿಯ ನಡೆ, ಕಪ್ಪಿನ ನಡೆ ಬೇರೆಬೇರೆಯಾಗಿ ಎಣಿಸಿದರೆ ಆರು ಹೆಜ್ಜೆಗಳಿಗೆ 30ರ ಆರನೆಯ ಘಾತ: 72 ಕೋಟಿ 90 ಲಕ್ಷ. ಸೆಕೆಂಡಿಗೆ 10 ಕೋಟಿಯಂತೆ, ಯಾವ ಕೊಂಬೆಯನ್ನೂ ಕತ್ತರಿಸದೆ ನೋಡಿದರೂ, ಏಳು ಸೆಕೆಂಡು ಸಾಕು. ಎರಡು ಗಂಟೆಗೆ 40 ನಡೆಯೆಂಬ ನಿಯಮದಲ್ಲಿ ಒಂದು ನಡೆಗೆ ಸರಾಸರಿ ಮೂರು ನಿಮಿಷ ಸಿಗುತ್ತಿತ್ತು. ಯಂತ್ರಕ್ಕೆ ಅದು ಕೈಬೆರಳೆಣಿಕೆಯ ಲೆಕ್ಕ.

ಬೇಸಿಗೆ ರಜೆಯಲ್ಲಿ ಪುಸ್ತಕ ಹಿಂದಿರುಗಿಸಲು ಬಂದ ಆ ಹುಡುಗನಿಗೆ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಅವನು ಕೇಳಿ, "ಹಾಗಾದ್ರೆ ಅದು ತ್ಯಾಗ ಅಲ್ಲ ಸಾರ್, ಕೈಗಡ" ಎಂದ. ನಾಳೆ ಸಂಜೆ ಹಿಂದಕ್ಕೆ ಬರುತ್ತದೆಂದು ಗೊತ್ತಿದ್ದು ಕೊಟ್ಟದ್ದು ಕೊಡುಗೆ ಹೇಗಾದೀತು ಎಂಬುದು ಅವನ ವಾದ. ಹದಿನಾರು ವರ್ಷದ ಹುಡುಗ ಹೇಳಿದ್ದನ್ನು ಆಸ್ಟ್ರಿಯಾದ ರುಡಾಲ್ಫ್ ಸ್ಪೀಲ್‌ಮನ್ ಎಂಬ ಆಟಗಾರರು 1935ರ ಪುಸ್ತಕವೊಂದರಲ್ಲಿ ಶಾಸ್ತ್ರೀಯವಾಗಿ ಹೇಳಿದ್ದರೆಂಬುದು ನನಗೆ ಬಹಳ ವರ್ಷಗಳ ನಂತರ ತಿಳಿಯಿತು. ಪ್ರತಿಫಲವನ್ನು ಎಣಿಸಬಹುದಾದ ತ್ಯಾಗ ತೋರಿಕೆಯದು, ಎಣಿಸಲಾಗದ್ದು ನಿಜವಾದದ್ದು ಎಂದು ಅವರ ವಿಂಗಡಣೆ. ಈ ಸ್ಪೀಲ್‌ಮನ್ ಯೆಹೂದ್ಯರಾದ್ದರಿಂದ ನಾಜಿಗಳಿಂದ ತಪ್ಪಿಸಿಕೊಂಡು ಹೋಗಿ 1942ರಲ್ಲಿ ಸ್ಟಾಕ್‌ಹೋಮಿನಲ್ಲಿ ತೀರಿಕೊಂಡರು. ಅವರ ವಿಂಗಡಣೆಯನ್ನು ಡಿ-5ಕ್ಕೆ ಹಚ್ಚಿದರೆ ವಿಚಿತ್ರ ಫಲ ಬರುತ್ತದೆ. ಕಾಸ್ಪರೋವ್ ಆಡಿದ್ದರೆ ನಿಜವಾದ ತ್ಯಾಗ. ಯಂತ್ರ ಆಡಿದ್ದರಿಂದ ತೋರಿಕೆಯದು. ಕಾಲಾಳು ಅದೇ, ಮನೆ ಅದೇ.

ನಾನು ಒಪ್ಪಲಿಲ್ಲ. ನಡೆ ಸರಿಯಿದ್ದರೆ ಸರಿ, ಹೇಗೆ ಹೊಳೆಯಿತೆಂಬುದನ್ನು ಕಟ್ಟಿಕೊಂಡು ಏನಾಗಬೇಕು, ಉತ್ತರ ತಾನೇ ಮುಖ್ಯ ಎಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನನ್ನ ನಲ್ಲಿ ಲೆಕ್ಕಕ್ಕೆ ಯಾಕೆ ಸಾರ್ ಸೊನ್ನೆ ಕೊಟ್ರಿ?" ಎಂದು ಕೇಳಿದ.

ಇಲ್ಲಿ ನನ್ನ ತಪ್ಪೊಂದನ್ನು ಬರೆಯಬೇಕು. ಆ ವರ್ಷದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಾನೇ ಕೊಟ್ಟಿದ್ದ ಪ್ರಶ್ನೆ: ಒಂದು ತೊಟ್ಟಿಯನ್ನು ಮೊದಲನೆಯ ನಲ್ಲಿ 3 ಗಂಟೆಗಳಲ್ಲಿ, ಎರಡನೆಯದು 6 ಗಂಟೆಗಳಲ್ಲಿ ತುಂಬುತ್ತದೆ, ಎರಡನ್ನೂ ಒಟ್ಟಿಗೆ ಬಿಟ್ಟರೆ ಎಷ್ಟು ಹೊತ್ತು? ನಾಲ್ಕು ಅಂಕ. ಭಿನ್ನರಾಶಿಗಳನ್ನು ಕೂಡಿಸಿ, ತಲೆಕೆಳಗು ಮಾಡಿ, ಹಂತಹಂತವಾಗಿ ಬಿಡಿಸುವುದನ್ನು ನಾನು ಕಲಿಸಿದ್ದೆ. ಈ ಹುಡುಗ 2 ಗಂಟೆ ಎಂದಷ್ಟೇ ಬರೆದಿದ್ದ. ಪಕ್ಕದ ಬೆಂಚಿನವನ ಉತ್ತರಪತ್ರಿಕೆಯಲ್ಲಿ ಎಲ್ಲ ಹಂತಗಳೂ ಇದ್ದವು. ನೋಡಿ ಬರೆದಿದ್ದಾನೆಂದು ನಾನು ತೀರ್ಮಾನಿಸಿ ಸೊನ್ನೆ ಹಾಕಿ, ತರಗತಿಯಲ್ಲಿ ಎಲ್ಲರೆದುರಿಗೆ ಒಂದು ಮಾತನ್ನೂ ಆಡಿದ್ದೆ. ಅವನು ಆಗ ಎದುರಾಡಿರಲಿಲ್ಲ.

"ಆರು ಗಂಟೆ ಬಿಟ್ರೆ ಮೊದಲನೇ ನಲ್ಲಿ ಎರಡು ತೊಟ್ಟಿ ತುಂಬುತ್ತೆ, ಎರಡನೇದು ಒಂದು. ಮೂರು ತೊಟ್ಟಿಗೆ ಆರು ಗಂಟೆ, ಒಂದಕ್ಕೆ ಎರಡು. ಅದರಲ್ಲಿ ಬರೆಯೋದು ಏನಿತ್ತು ಸಾರ್?" ಎಂದ.

ಏನೂ ಇರಲಿಲ್ಲ. ನಾನು ಕಲಿಸಿದ ದಾರಿಗಿಂತ ಅದು ಹತ್ತಿರದ್ದು, ಶುದ್ಧವಾದದ್ದು. ಯಂತ್ರದ ವಿಷಯದಲ್ಲಿ ಉತ್ತರವೇ ಮುಖ್ಯವೆಂದು ಸಾಧಿಸುತ್ತಿದ್ದ ನಾನು, ನನ್ನ ವಿದ್ಯಾರ್ಥಿಯ ವಿಷಯದಲ್ಲಿ ಉತ್ತರವನ್ನು ತಿರಸ್ಕರಿಸಿ ಹಂತಗಳನ್ನು ಕೇಳಿದ್ದೆ. ಅಂದು ಅವನಿಗೆ ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ. ಕಾಫಿ ಕುಡಿದು ಹೋಗು ಎಂದೆನೆಂದು ಕಾಣುತ್ತದೆ.

ಮರುವರ್ಷ, 1997ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನಲ್ಲಿ ಮತ್ತೆ ಪಂದ್ಯ ನಡೆಯಿತು. ಯಂತ್ರದ ವೇಗ ಆಗ ಸೆಕೆಂಡಿಗೆ 20 ಕೋಟಿ. ಕಾಸ್ಪರೋವ್ 2½–3½ ಅಂಕಗಳಿಂದ ಸೋತದ್ದು ಜಗತ್ತಿಗೇ ಗೊತ್ತು. ಕೊನೆಯ ಆಟದಲ್ಲಿ ಯಂತ್ರವು ಕುದುರೆಯನ್ನು ಬಲಿಕೊಟ್ಟು 19 ನಡೆಗಳಲ್ಲಿ ಗೆದ್ದಿತೆಂದು ಪತ್ರಿಕೆಗಳು ಹೊಗಳಿದವು. ಆದರೆ ಆ ಬಲಿ ಮನುಷ್ಯರು ಮೊದಲೇ ಅದರ ಆರಂಭದ ನಡೆಗಳ ಕೋಶದಲ್ಲಿ ತುಂಬಿಟ್ಟದ್ದು, ಬಾಯಿಪಾಠ. ನನಗೆ ಮುಖ್ಯವಾಗಿ ಕಾಣುವುದು ಎರಡನೆಯ ಆಟ. ಅದರಲ್ಲಿ ದಾರಿ ತೆರೆಯಲು ಕಾಲಾಳು ಕೊಡುವ ಹವಣಿಕೆಯಲ್ಲಿದ್ದವರು ಕಾಸ್ಪರೋವ್. ಯಂತ್ರದ ಮಂತ್ರಿಯು ಬಿ-6ಕ್ಕೆ ನುಗ್ಗಿ ಕಾಲಾಳುಗಳನ್ನು ತಿನ್ನಲೆಂದು ಅವರು ಕಾದಿದ್ದರು. ಅದು ಅತ್ತ ಹೋದೊಡನೆ ಇ-5ರ ಕಾಲಾಳನ್ನು ಇ-4ಕ್ಕೆ ನೂಕಿ ಬಲಿಕೊಟ್ಟರೆ, ಅದರ ಹಿಂದಿನ ದಾರಿಗಳು ತೆರೆದು ಅವರ ಮಂತ್ರಿಗೆ ಬಿಳಿಯ ರಾಜನ ಬಾಗಿಲು ಸಿಗುತ್ತಿತ್ತು. ಯಂತ್ರಗಳು ಆಸೆಬುರುಕವೆಂಬುದು ಅಂದಿನವರೆಗಿನ ಅನುಭವ.

ಯಂತ್ರ ಕಾಲಾಳುಗಳನ್ನು ಮುಟ್ಟಲಿಲ್ಲ. 37ನೆಯ ನಡೆಯಲ್ಲಿ ತನ್ನ ಒಂಟೆಯನ್ನು ತಂದು ಅದೇ ಇ-4ರ ಮೇಲೆ ಕೂರಿಸಿತು. ತೆರೆಯಬೇಕಿದ್ದ ಬಾಗಿಲಿಗೆ ಬಂಡೆಯನ್ನು ಒರಗಿಸಿದಂತಾಯಿತು. ಕಾಸ್ಪರೋವ್ ಎಷ್ಟು ಕಂಗೆಟ್ಟರೆಂದರೆ, 45ನೆಯ ನಡೆಯ ನಂತರ ಸೋಲೊಪ್ಪಿ ಎದ್ದರು. ಆ ಸ್ಥಿತಿಯಲ್ಲಿ ಸತತವಾಗಿ ಶಹ ಕೊಡುತ್ತ ಆಟವನ್ನು ಸಮ ಮಾಡಿಕೊಳ್ಳುವ ದಾರಿಯಿತ್ತೆಂದು ಮರುದಿನ ಅವರ ಜೊತೆಗಾರರೇ ಹೇಳಬೇಕಾಯಿತು. ಮನುಷ್ಯನೊಬ್ಬ ಒಳಗಿನಿಂದ ಸಹಾಯ ಮಾಡಿರಬಹುದೆಂಬ ಅನುಮಾನ ಅವರನ್ನು ಹಿಡಿಯಿತು. ಯಂತ್ರದ ಲೆಕ್ಕದ ದಾಖಲೆಗಳನ್ನು ತೋರಿಸಿ ಎಂದು ಕೇಳಿದರು. ಪಕ್ಕದ ಬೆಂಚಿನವನನ್ನು ನೋಡಿ ಬರೆದೆಯೋ, ಹಂತಗಳೆಲ್ಲಿ ಎಂದು ನಾನು ಕೇಳಿದ್ದೂ ಇದನ್ನೇ ಅಲ್ಲವೇ! ಐಬಿಎಂ ಕೂಡಲೇ ತೋರಿಸಲಿಲ್ಲ. ತರುವಾಯ ಅಂತರ್ಜಾಲದಲ್ಲಿ ಪ್ರಕಟಿಸಿತು. ಯಂತ್ರವು ಮತ್ತೆ ಆಡಲಿಲ್ಲ. ಅದರ ಎರಡು ಕಪಾಟುಗಳಲ್ಲಿ ಒಂದು ಈಗ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ, ಇನ್ನೊಂದು ಕ್ಯಾಲಿಫೋರ್ನಿಯಾದಲ್ಲಿ. ಕಾಸ್ಪರೋವ್ ಇಪ್ಪತ್ತು ವರ್ಷಗಳ ಬಳಿಕ, 2017ರಲ್ಲಿ, ಒಂದು ಪುಸ್ತಕ ಬರೆದು ಆ ಪಂದ್ಯವನ್ನು ಹೊಸದಾಗಿ ಪರಿಶೀಲಿಸಿದರು. ಅಂದಿನ ತಮ್ಮ ಕೋಪವನ್ನು ಅದರಲ್ಲಿ ಬಹುಮಟ್ಟಿಗೆ ತಗ್ಗಿಸಿಕೊಂಡಿದ್ದಾರೆ.

ಅದೇ 2017ರ ಡಿಸೆಂಬರಿನಲ್ಲಿ ನಮ್ಮ ವಾದಕ್ಕೆ ಹೊಸ ತಿರುವು ಬಂತು. ಲಂಡನ್ನಿನ ಡೀಪ್‌ಮೈಂಡ್ ಸಂಸ್ಥೆಯು ಆಲ್ಫಾಜೀರೋ ಎಂಬ ಕಾರ್ಯಕ್ರಮವನ್ನು ಪ್ರಕಟಿಸಿತು. ಅದಕ್ಕೆ ಆಟದ ನಿಯಮಗಳನ್ನು ಮಾತ್ರ ಕೊಟ್ಟಿದ್ದರು. ಕಾಲಾಳಿಗೆ 1, ಆನೆಗೆ 5 ಎಂಬ ಕೋಷ್ಟಕವಿಲ್ಲ, ಮನುಷ್ಯರ ಆಟಗಳಿಲ್ಲ. ತನ್ನೊಡನೆ ತಾನೇ ಕೋಟಿಗಟ್ಟಲೆ ಆಟಗಳನ್ನಾಡಿ ಕಲಿತದ್ದು. ಆಗ ಅತ್ಯಂತ ಬಲವಾದ ಕಾರ್ಯಕ್ರಮಗಳಲ್ಲೊಂದಾಗಿದ್ದ ಸ್ಟಾಕ್‌ಫಿಶ್ ವಿರುದ್ಧ 100 ಆಟಗಳಲ್ಲಿ ಅದು 28 ಗೆದ್ದಿತು, ಉಳಿದ 72 ಸಮ. ಸ್ಟಾಕ್‌ಫಿಶ್ ಸೆಕೆಂಡಿಗೆ 7 ಕೋಟಿ ಸ್ಥಿತಿಗಳನ್ನು ನೋಡುತ್ತಿದ್ದರೆ ಆಲ್ಫಾಜೀರೋ ನೋಡುತ್ತಿದ್ದದ್ದು 80 ಸಾವಿರ. ಎದುರಾಳಿಗೆ ಆರಂಭದ ನಡೆಗಳ ಕೋಶ ಕೊಡಲಿಲ್ಲ, ನಡೆಗೆ ಒಂದೇ ನಿಮಿಷವೆಂದು ಕಟ್ಟುಹಾಕಿದರು ಎಂಬ ಆಕ್ಷೇಪಗಳು ಬಂದವು, ನ್ಯಾಯವಾದ ಆಕ್ಷೇಪಗಳೇ. 2018ರಲ್ಲಿ ಸಾವಿರ ಆಟಗಳ ಮತ್ತೊಂದು ಪರೀಕ್ಷೆಯ ಫಲ ಪ್ರಕಟವಾಯಿತು: ಆಲ್ಫಾಜೀರೋ ಗೆದ್ದದ್ದು 155, ಸೋತದ್ದು 6.

ಮೊದಲು ಹೊರಬಿಟ್ಟ ಕೆಲವೇ ಆಟಗಳಲ್ಲಿ ಒಂದನ್ನು ಆಡಿನೋಡಿದಾಗ ನನಗೆ ರೋಮಾಂಚನವಾಯಿತು. ಬಿಳಿಯ ಕಡೆಯಿದ್ದ ಆಲ್ಫಾಜೀರೋ ತನ್ನ 7ನೆಯ ನಡೆಯಲ್ಲಿ ಒಂದು ಕಾಲಾಳನ್ನು ಬಿಟ್ಟುಕೊಡುತ್ತದೆ. ಯಾವ ಮನೆಯಲ್ಲಿ? ಅದೇ ಡಿ-5! ಆ ಪಟ್ಟನ್ನು ಪೊಲುಗಾಯೆವ್‌ಸ್ಕಿ ಎಂಬ ರಷ್ಯದ ಆಟಗಾರರು 1980ರಲ್ಲಿ ಕೋರ್ಚ್‌ನಾಯ್ ವಿರುದ್ಧ ಆಡಿದ್ದುಂಟು. ಯಂತ್ರವು ಅದನ್ನು ಯಾರಿಂದಲೂ ಕಲಿಯದೆ ತಾನಾಗಿ ಮುಟ್ಟಿತ್ತು. ಆ ಕಾಲಾಳು ಬೇಗ ಹಿಂದಿರುಗುವ ಸೂಚನೆಯೇ ಇಲ್ಲ. ಅದಕ್ಕೆ ಬದಲಾಗಿ ಜಿ-2ರ ಒಂಟೆಗೆ ಉದ್ದನೆಯ ಓರೆದಾರಿ, ಕುದುರೆಗೆ ಎಫ್-5ರ ಹಸನಾದ ಮನೆ. ಮುಂದೆ ಆ ಕುದುರೆಯನ್ನೂ ಎದುರಾಳಿಯ ರಾಜನ ಕೈಗೆ ಬಿಟ್ಟು, 26ನೆಯ ನಡೆಯಲ್ಲಿ ಮಂತ್ರಿಯನ್ನು ಹಿಂದಕ್ಕೆ, ಎಚ್-1ರ ಮೂಲೆಗೆ, ಸರಿಸುತ್ತದೆ. ಮಂತ್ರಿಯನ್ನು ಮೂಲೆಗೆ ಬಚ್ಚಿಡುವ ಆಟಗಾರನನ್ನು ನಾನು ತರಗತಿಯ ಹೊರಗೆ ನಿಲ್ಲಿಸುತ್ತಿದ್ದೆನೇನೋ! ಆದರೆ ಆ ಮೂಲೆಯಿಂದ, ಒಂಟೆಯ ಹಿಂದೆ, ಇಡೀ ಮಣೆಯ ಉದ್ದದ ಓರೆದಾರಿ ಅದರದಾಗಿತ್ತು. ಆಟವನ್ನು ಅದೇ ಗೆದ್ದಿತು.

ಈ ಯಂತ್ರಕ್ಕೆ ಹಂತಗಳನ್ನು ತೋರಿಸು ಎಂದರೆ ತೋರಿಸಲು ಏನಿದೆ? ಅದರೊಳಗೆ ಇರುವುದು ಅಸಂಖ್ಯ ಅಂಕೆಗಳ ಜಾಲ. ಒಂದು ಸ್ಥಿತಿಯನ್ನು ಕೊಟ್ಟರೆ ಗೆಲ್ಲುವ ನಿರೀಕ್ಷೆ ಇಷ್ಟೆಂದು ಹೇಳುತ್ತದೆ; ಕಾಲಾಳಿಗೆ ಎಷ್ಟು, ದಾರಿಗೆ ಎಷ್ಟು ಎಂದು ಬಿಡಿಸಿ ಹೇಳದು. 2020ರಲ್ಲಿ ಸ್ಟಾಕ್‌ಫಿಶ್ ಕೂಡ ತನ್ನ ಹಳೆಯ ಲೆಕ್ಕದೊಡನೆ ಇಂಥದೊಂದು ಜಾಲವನ್ನು ಸೇರಿಸಿಕೊಂಡಿತು. ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಆಲ್ಫಾಜೀರೋನ ಆಟದಿಂದ ಪ್ರಭಾವಿತನಾಗಿದ್ದೇನೆಂದು 2019ರಲ್ಲಿ ಹೇಳಿದ್ದರು. ಯಂತ್ರಕ್ಕೆ ತ್ಯಾಗ ಬಾರದೆಂದು ಕೊರಗುತ್ತಿದ್ದ ಕಾಲ ಹೋಗಿ, ಯಂತ್ರವನ್ನು ನೋಡಿ ಮನುಷ್ಯರು ಕಾಲಾಳು ಕೊಡಲು ಧೈರ್ಯ ಮಾಡುವ ಕಾಲ ಬಂತು.

ಕಳೆದ ತಿಂಗಳು ಬಂದಾಗ ಇದನ್ನೇ ಎತ್ತಿದೆ. ಎಣಿಸದೆ ಕೊಟ್ಟದ್ದು, ಹಿಂದಿರುಗುವ ದಿನ ಗೊತ್ತಿಲ್ಲದ್ದು. ಈಗಲಾದರೂ ಇದು ತ್ಯಾಗವೆಂದು ಒಪ್ಪುತ್ತೀಯೋ ಎಂದೆ. ಅವನಿಗೀಗ ನಲವತ್ತಾರು, ಗಣಕಗಳ ಕೆಲಸದಲ್ಲೇ ಇದ್ದಾನೆ, ಕಿವಿಯ ಬಳಿ ಕೂದಲು ನರೆತಿದೆ. "ಇಲ್ಲ ಸಾರ್. ಅದಕ್ಕೆ ಹಿಂದಿರುಗೋ ದಿನ ಗೊತ್ತಿಲ್ಲ, ಅಷ್ಟೇ. ಬಡ್ಡಿ ಎಷ್ಟು ಅಂತ ಗೊತ್ತು. ಕೊಡುವಾಗ ಕಳಕೊಳ್ಳೋ ಭಯ ಇರಬೇಕು" ಎಂದ. ಹಾಗಾದರೆ ಗೆಲ್ಲುತ್ತೇನೆಂದು ಖಚಿತವಾಗಿ ನಂಬಿ ಕಾಲಾಳು ಕೊಟ್ಟ ಮನುಷ್ಯನದೂ ತ್ಯಾಗವಲ್ಲವೋ ಎಂದೆ. ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಅಥವಾ ಹಿರಿಯರೆಂದು ಬಿಟ್ಟುಕೊಟ್ಟನೋ ತಿಳಿಯದು. ಭಯವನ್ನು ಅಳತೆಗೋಲು ಮಾಡಿಕೊಂಡರೆ ಆಟಗಾರನ ಎದೆಯೊಳಗೆ ಇಣುಕಬೇಕಾಗುತ್ತದೆ. ಹಾಗೆ ಇಣುಕಿದ್ದೇನೆಂಬ ಭ್ರಮೆಯಿಂದ ಒಮ್ಮೆ ನಾಲ್ಕು ಅಂಕಗಳನ್ನು ಕಿತ್ತುಕೊಂಡವನು ನಾನು. ಆ ಮಾತನ್ನು ಅಂದು ಅವನ ಮುಂದೆ ಆಡಿದೆ. "ಬಿಡಿ ಸಾರ್, ಯಾವ ಕಾಲದ್ದು" ಎಂದು ಚೀಲ ತೆರೆದು ಮಣೆಯನ್ನು ಹೊರತೆಗೆದ. ಬರುವಾಗಲೇ ತಂದಿದ್ದ.

ಅವನ ಅಂಗಿಯ ಜೇಬಿನಲ್ಲಿದ್ದ ಮೊಬೈಲು ಡೀಪ್ ಬ್ಲೂವಿಗಿಂತ ಬಲವಾಗಿ ಆಡಬಲ್ಲದು. ಅದನ್ನು ತೆಗೆದು ನನ್ನ ಹೆಂಡತಿಯ ಕೈಗೆ ಕೊಟ್ಟು, ಫಿಲಡೆಲ್ಫಿಯಾದ ಆಟದ 22ನೆಯ ನಡೆಯ ನಂತರದ ಸ್ಥಿತಿಯನ್ನು ನೆನಪಿನಿಂದಲೇ ಜೋಡಿಸಿದ. ಕಪ್ಪು ನನಗೆ. ಅವನು ಡಿ-4ರ ಕಾಲಾಳನ್ನು ಡಿ-5ಕ್ಕೆ ನೂಕಿ ಕೈಕಟ್ಟಿ ಕುಳಿತ. ಕಾಸ್ಪರೋವ್ ಆನೆಯಿಂದ ಹೊಡೆದಿದ್ದರು; ನಾನು ಕಾಲಾಳಿನಿಂದ ಹೊಡೆದೆ. ಅವನು ಹುಬ್ಬುಗಂಟಿಕ್ಕಿ ಬಹಳ ಹೊತ್ತು ಮಣೆಯನ್ನು ನೋಡಿದ. ಕಾಫಿ ತಣ್ಣಗಾಯಿತು. ರಾತ್ರಿಯ ಬಸ್ಸಿಗೆ ಹೊತ್ತಾಯಿತೆಂದು ಒಳಗಿನಿಂದ ಕೂಗು ಬಂದಾಗ, ಹಾಗೇ ಇರಲಿ ಸಾರ್, ಎತ್ತಬೇಡಿ ಎಂದು ಹೇಳಿ ಎದ್ದ.

ಮಣೆ ಜಗಲಿಯ ಮೇಲೆ ಹಾಗೆಯೇ ಇದೆ. ಕೆಲಸದವಳಿಗೆ ಆ ಮೂಲೆಯನ್ನು ಗುಡಿಸಬೇಡವೆಂದು ಹೇಳಿದ್ದೇನೆ. ನಡೆ ಅವನದು.